ಜಗಳ ಮುಗಿದ ಮೇಲೆ ಏನಾಗುತ್ತದೆ?

ಕೌನ್ಸೆಲಿಂಗ್‌ಗೆ ಬರುವ ಗಂಡ ಹೆಂಡತಿ ಮೊದಲು ಹೇಳುವುದು ಜಗಳದ ಕಾರಣ. ದುಡ್ಡು, ಮನೆಕೆಲಸ, ಮೊಬೈಲು. ನಾನು ಕೇಳುವುದು ಬೇರೆ: ಜಗಳ ಮುಗಿದ ಮೇಲೆ ಮತ್ತೆ ಮಾತಿಗೆ ಹೇಗೆ ಬರುತ್ತೀರಿ?

ಈ ಪ್ರಶ್ನೆಯ ಬೇರು ಪುಟ್ಟ ಮಕ್ಕಳ ಮೇಲೆ ನಡೆದ ಅಧ್ಯಯನದಲ್ಲಿದೆ. ಹೊಟ್ಟೆ ತುಂಬಿಸಿದರಷ್ಟೇ ಮಗುವಿಗೆ ಸಾಲದು, ಹೆದರಿದಾಗ ಓಡಿ ಬಂದು ಅಪ್ಪಿಕೊಳ್ಳಲು ಒಬ್ಬರು ಬೇಕು ಎಂದವರು ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ. ಅವರ ಜೊತೆ ಕೆಲಸ ಮಾಡಿದ್ದ ಮೇರಿ ಐನ್ಸ್‌ವರ್ತ್ ಇದನ್ನು ಕಣ್ಣಾರೆ ನೋಡಲು ಒಂದು ದಾರಿ ಹುಡುಕಿದರು. ವರ್ಷದ ಆಸುಪಾಸಿನ ಮಗು, ಹೊಸ ಕೋಣೆ. ತಾಯಿ ಸ್ವಲ್ಪ ಹೊತ್ತು ಹೊರಗೆ ಹೋಗಿ ವಾಪಸ್ ಬರುತ್ತಾಳೆ. ಮಗು ಎಷ್ಟು ಅತ್ತಿತು ಎನ್ನುವುದಕ್ಕಿಂತ, ತಾಯಿ ಬಂದಾಗ ಏನು ಮಾಡಿತು ಎನ್ನುವುದೇ ಜಾಸ್ತಿ ವಿಷಯ ಹೇಳಿತು. ಬಹುಪಾಲು ಮಕ್ಕಳು ತಾಯಿಯ ಹತ್ತಿರ ಹೋಗಿ, ಸಮಾಧಾನಗೊಂಡು ಆಟಕ್ಕೆ ಮರಳಿದರು. ಕೆಲವರು ಎತ್ತಿಕೊಂಡರೂ ಸಿಟ್ಟು ಬಿಡಲಿಲ್ಲ. ಇನ್ನು ಕೆಲವರು ತಿರುಗಿಯೂ ನೋಡದೆ ಆಟಿಕೆ ಹಿಡಿದು ಕುಳಿತರು.

ಕೆಲಸದಲ್ಲಿ ನನಗೆ ಪದೇಪದೇ ನೆನಪಾಗುವುದು ಈ ಕೊನೆಯ ಮಕ್ಕಳು. ನೋಡುವವರಿಗೆ ಎಷ್ಟು ಜಾಣ ಮಗು ಅನ್ನಿಸುತ್ತದೆ, ಅಲ್ವಾ? ಬೇರೆ ಸಂಶೋಧಕರು ಎದೆಬಡಿತ ಅಳೆದಾಗ ಅವರದೂ ಏರಿತ್ತು. ಹತ್ತಿರ ಹೋದರೆ ಪ್ರಯೋಜನವಿಲ್ಲ ಎಂದು ಕಲಿತುಬಿಟ್ಟಿದ್ದರು, ಅಷ್ಟೆ.

ದೊಡ್ಡವರ ಪ್ರೀತಿಯಲ್ಲೂ ಇಂಥದೇ ಮೂರು ಬಗೆಗಳಿವೆ ಎಂದು ಮನಶ್ಶಾಸ್ತ್ರಜ್ಞರಾದ ಸಿಂಡಿ ಹಝಾನ್ ಮತ್ತು ಫಿಲಿಪ್ ಶೇವರ್ 1987ರಲ್ಲಿ ಬರೆದರು. ನನ್ನೆದುರು ಕೂರುವ ಎಷ್ಟೋ ಜೋಡಿಗಳಲ್ಲಿ ಒಬ್ಬರು ‘ಈಗಲೇ ಮಾತಾಡು’ ಎಂದು ಬೆನ್ನು ಹತ್ತುತ್ತಾರೆ, ಇನ್ನೊಬ್ಬರು ಬಾಯಿ ಮುಚ್ಚಿಕೊಳ್ಳುತ್ತಾರೆ. ಬೆನ್ನು ಹತ್ತಿದಷ್ಟೂ ಮೌನ ಹೆಚ್ಚು, ಮೌನ ಹೆಚ್ಚಿದಷ್ಟೂ ದನಿ ಜೋರು. ‘ಇವರಿಗೆ ಏನೂ ಅನ್ಸೋದೇ ಇಲ್ಲ ಮೇಡಂ’ ಎಂಬ ದೂರು. ಅನ್ನಿಸುತ್ತದೆ. ಅತ್ತಾಗಲೆಲ್ಲ ‘ಸುಮ್ನಿರು’ ಎಂದೇ ಕೇಳಿ ಬೆಳೆದವರಿಗೆ ಅದನ್ನು ತೋರಿಸುವ ರೂಢಿ ಇರುವುದಿಲ್ಲ. ಹಾಗೆಯೇ ಬೆನ್ನು ಹತ್ತುವವರದು ಬರೀ ಹಟವಲ್ಲ. ಒಮ್ಮೆ ಮುದ್ದು, ಒಮ್ಮೆ ನಿರ್ಲಕ್ಷ್ಯ ಕಂಡು ಬೆಳೆದವರಿಗೆ ಮೌನವೆಂದರೇ ಭಯ.

ಹಾಗಂತ ಎಲ್ಲವನ್ನೂ ಬಾಲ್ಯದ ತಲೆಗೆ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ. ಬಾಲ್ಯ ಹಣೆಬರಹವಲ್ಲ. ಮನಶ್ಶಾಸ್ತ್ರಜ್ಞೆ ಮೇರಿ ಮೇನ್ ಮತ್ತು ಸಂಗಡಿಗರು ದೊಡ್ಡವರನ್ನು ಅವರ ಬಾಲ್ಯದ ಬಗ್ಗೆ ಮಾತಾಡಿಸಿದಾಗ, ಬಾಲ್ಯ ಎಷ್ಟು ಚೆನ್ನಾಗಿತ್ತು ಎನ್ನುವುದಕ್ಕಿಂತ ಅದನ್ನು ಎಷ್ಟು ನೇರವಾಗಿ, ಗೊಂದಲವಿಲ್ಲದೆ ಹೇಳಬಲ್ಲರು ಎನ್ನುವುದಕ್ಕೆ ತೂಕ ಕೊಟ್ಟರು. ಕಷ್ಟದಲ್ಲಿ ಬೆಳೆದೂ ಸಂಗಾತಿಯ ಜೊತೆ ನೆಮ್ಮದಿಯಾಗಿರುವವರನ್ನು ನಾನು ನೋಡುತ್ತಲೇ ಇರುತ್ತೇನೆ. ಇನ್ನು ‘ನೀನು ಚಿಕ್ಕಂದಿನಿಂದಲೇ ಹೀಗೆ’ ಎಂದು ಜಗಳದ ನಡುವೆ ಹೇಳಿದರೆ ಅದು ಬೈಗುಳವೇ.

ಮೌನಕ್ಕೆ ಸರಿಯುವವರಿಗೆ ನಾನು ಹೇಳುವುದಿಷ್ಟು: ಎದ್ದು ಹೋಗಿ, ಪರವಾಗಿಲ್ಲ, ಆದರೆ ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಹೇಳಿ ಹೋಗಿ. ಹೇಳಿದ ಹೊತ್ತಿಗೆ ನೀವಾಗಿಯೇ ಬಂದು ಮಾತು ಶುರು ಮಾಡಿ. ಕಾಯುವವರು ಅಷ್ಟು ಹೊತ್ತು ಹಿಂದೆ ಹೋಗಬಾರದು, ಮೆಸೇಜ್ ಕೂಡ ಬೇಡ. ಮೊದಮೊದಲು ಇಬ್ಬರಿಗೂ ಇದು ಹಿಂಸೆ ಅನ್ನಿಸುತ್ತದೆ. ಆದರೆ ಹೊಡೆತ, ಬೆದರಿಕೆ ಇರುವ ಮನೆಗೆ ಈ ಸಲಹೆ ಅಲ್ಲ. ಅಲ್ಲಿ ಮೊದಲು ಸುರಕ್ಷಿತವಾಗಿ ಹೊರಬರುವ ದಾರಿ ನೋಡಬೇಕು.