ಬೌನ್ಸ್ ಆದ ಚೆಕ್ ಮತ್ತು ಸಮನ್ವಯ: ಭಾಷಣದಲ್ಲಿ ಅಲಂಕಾರ ಗುರುತಿಸುವುದು

ಪರೀಕ್ಷೆಯಲ್ಲಿ ಒಂದು ಭಾಷಣ ಕೊಟ್ಟು ಅಲಂಕಾರ ಗುರುತಿಸಿ ಎಂದರೆ ನಾವೆಲ್ಲ ಹೆಸರು ಬರೆದು ಮುಂದಿನ ಪ್ರಶ್ನೆಗೆ ಹಾರುತ್ತೇವೆ. ನಾನೂ ಹಾರಿದ್ದೇನೆ, ಮಾರ್ಕ್ಸೂ ಹಾರಿದೆ. ಹೈಸ್ಕೂಲಿನಲ್ಲಿ 'ಸೀತೆಯ ಮುಖಕಮಲ ಅರಳಿತು' ಎಂಬ ಸಾಲಿಗೆ ಉಪಮೇಯ (ಮುಖ), ಉಪಮಾನ (ಕಮಲ) ಬರೆದು ಆಮೇಲೆ ಸಮನ್ವಯ ಅಂತ, ಅಂದರೆ ಆ ಹೋಲಿಕೆ ಹೇಗೆ ಹೊಂದುತ್ತದೆ ಅಂತ ಬರೆಯುತ್ತಿದ್ದೆವಲ್ಲ, ಇಲ್ಲೂ ಬೇಕಾಗಿರುವುದು ಅದೇ.

ಅಮೆರಿಕದ ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ 1963ರ ಆಗಸ್ಟ್ 28ರಂದು ವಾಷಿಂಗ್ಟನ್ನಿನ ಲಿಂಕನ್ ಸ್ಮಾರಕದಲ್ಲಿ ಮಾಡಿದ ಭಾಷಣ ನೋಡಿ. ಎಲ್ಲರಿಗೂ ನೆನಪಿರುವುದು 'ನನಗೊಂದು ಕನಸಿದೆ'. ನನಗೆ ಜಾಸ್ತಿ ಇಷ್ಟವಾಗಿದ್ದು ಅದಕ್ಕೂ ಮುಂಚೆ ಬರುವ ಚೆಕ್ಕಿನ ರೂಪಕ. ಸಂವಿಧಾನವನ್ನೂ ಸ್ವಾತಂತ್ರ್ಯ ಘೋಷಣೆಯನ್ನೂ ಬರೆದವರು ಒಂದು ಪ್ರಾಮಿಸರಿ ನೋಟಿಗೆ, ಅಂದರೆ ಹಣ ಕೊಡುತ್ತೇವೆಂಬ ವಾಗ್ದಾನ ಪತ್ರಕ್ಕೆ ಸಹಿ ಹಾಕಿದ್ದರು, ಪ್ರತಿಯೊಬ್ಬ ಅಮೆರಿಕನ್ ಪ್ರಜೆಯೂ ಅದಕ್ಕೆ ವಾರಸುದಾರ, ಆದರೆ ಕಪ್ಪು ಜನರಿಗೆ ಕೊಟ್ಟ ಚೆಕ್ ಮಾತ್ರ ಖಾತೆಯಲ್ಲಿ ಹಣ ಸಾಲದು ಅಂತ ವಾಪಸ್ ಬಂತು. ನಮ್ಮ ಮಾತಿನಲ್ಲಿ ಹೇಳುವುದಾದರೆ, ಬೌನ್ಸ್ ಆಯಿತು.

ಈಗ ಸಮನ್ವಯ. ಚೆಕ್ ಬೌನ್ಸ್ ಆದರೆ ತಪ್ಪು ಯಾರದು? ಬರೆದುಕೊಟ್ಟವನದು. ಕೇಳಲು ಬಂದವನು ಬೇಡುತ್ತಿಲ್ಲ, ತನ್ನ ಬಾಕಿ ವಸೂಲಿ ಮಾಡುತ್ತಿದ್ದಾನೆ. ರೂಪಕ ಇಲ್ಲದೆ ಸುಮ್ನೆ 'ನಮಗೆ ಹಕ್ಕು ಕೊಡಿ' ಎಂದಿದ್ದರೆ ಈ ಬಿಗಿ ಬರುತ್ತಿರಲಿಲ್ಲ. ಕಿಂಗ್ ಅಲ್ಲಿಗೇ ಬಿಡದೆ, ನ್ಯಾಯದ ಬ್ಯಾಂಕು ದಿವಾಳಿಯಾಗಿದೆ ಎಂದು ನಾವು ನಂಬುವುದಿಲ್ಲ ಎನ್ನುತ್ತಾರೆ. ಸಿಟ್ಟಿದೆ, ದೇಶದ ಮೇಲೆ ನಂಬಿಕೆಯೂ ಇದೆ. ಹೀಗೆ ಒಂದೇ ರೂಪಕವನ್ನು ಬೆಳೆಸುತ್ತಾ ಹೋಗಿದ್ದನ್ನು ಉತ್ತರದಲ್ಲಿ ಹೇಳಲೇಬೇಕು.

ಭಾಷಣದ ಆರಂಭದಲ್ಲಿ ಇನ್ನೊಂದು ಜಾಣತನವಿದೆ. ನೂರು ವರ್ಷದ ಹಿಂದೆ ಎನ್ನದೆ 'ಐದು ಇಪ್ಪತ್ತು ವರ್ಷಗಳ ಹಿಂದೆ' ಎನ್ನುತ್ತಾರೆ. ಅಮೆರಿಕದ ಅಧ್ಯಕ್ಷರಾಗಿದ್ದ ಲಿಂಕನ್ 1863ರ ಗೆಟಿಸ್‌ಬರ್ಗ್ ಭಾಷಣ ಶುರು ಮಾಡಿದ್ದು 'ನಾಲ್ಕು ಇಪ್ಪತ್ತು ಮತ್ತು ಏಳು ವರ್ಷಗಳ ಹಿಂದೆ' ಅಂತ. ಲಿಂಕನ್ ಪ್ರತಿಮೆಯನ್ನು ಬೆನ್ನಿಗಿಟ್ಟುಕೊಂಡು ಲಿಂಕನ್ನರ ಧಾಟಿಯಲ್ಲೇ ಲೆಕ್ಕ ಕೇಳಿದ ಹಾಗಾಯಿತು! ಆಮೇಲೆ ಬರುವ 'ನೂರು ವರ್ಷ ಕಳೆದ ಮೇಲೂ' ಎಂಬ ಮಾತು ಸುಮ್ನೆ ಪುನರಾವರ್ತನೆ ಅಲ್ಲ. 1863ರ ಜನವರಿ 1ರಂದು ಗುಲಾಮರ ವಿಮೋಚನೆ ಘೋಷಿಸಿದವರು ಇದೇ ಲಿಂಕನ್, ನೂರು ವರ್ಷದ ಲೆಕ್ಕ ಅಲ್ಲಿಂದಲೇ.

ಇನ್ನು ಕನಸು. ಆ ಭಾಗ ಬರೆದಿಟ್ಟುಕೊಂಡ ಪ್ರತಿಯಲ್ಲಿ ಇರಲೇ ಇಲ್ಲ. ಹತ್ತಿರದಲ್ಲೇ ಇದ್ದ ಗಾಯಕಿ ಮಹಾಲಿಯಾ ಜಾಕ್ಸನ್ ಕನಸಿನ ವಿಷಯ ಹೇಳು ಎಂದು ಕೂಗಿದರಂತೆ. ಅಲ್ಲಿಂದ ಮುಂದೆ ಕಾಗದ ಬಿಟ್ಟು ಮಾತಾಡಿದರು. 'ನನಗೊಂದು ಕನಸಿದೆ' ಅಂತ ಮತ್ತೆ ಮತ್ತೆ ಬರುವುದು ಯಾಕೆ ಎಂಬುದಕ್ಕೆ ನನ್ನ ಉತ್ತರ ಇಷ್ಟೇ: ಕೇಳುವವರಿಗೆ ಅದು ಪಲ್ಲವಿ, ಹೇಳುವವರಿಗೆ ಮುಂದಿನ ಸಾಲು ಹೊಳೆಯುವಷ್ಟು ಹೊತ್ತು. ನಮ್ಮ ಹರಿಕಥೆ ದಾಸರನ್ನು ಕೇಳಿದವರಿಗೆ ಇದು ಹೊಸತೇನಲ್ಲ, ಅಲ್ವಾ?