ಕಾಫಿಗೆ ಮುಂಚೆ ಬಿಪಿ ನೋಡಿ

ತುಮಕೂರಿನ ಅಮಾನಿಕೆರೆಗೆ ಬೆಳಗ್ಗೆ ವಾಕಿಂಗ್ ಹೋದರೆ ಬಿಪಿಗೆ ಮದ್ದು ಹೇಳುವವರು ಹೆಜ್ಜೆಹೆಜ್ಜೆಗೂ ಸಿಗುತ್ತಾರೆ. ಮೆಂತ್ಯ ನೆನೆಸಿದ ನೀರು, ಹಸಿ ಬೆಳ್ಳುಳ್ಳಿ, ತಾಮ್ರದ ಚೊಂಬಿನ ನೀರು. ಯಾವುದಕ್ಕೂ 'ನಂಗೆ ಇಳೀತು' ಅನ್ನುವ ಒಬ್ಬರಾದರೂ ಇರುತ್ತಾರೆ. ಇಳಿದಿದ್ದು ಬಿಪಿನೋ, ಬದಲಾಗಿದ್ದು ಅಳೆದ ರೀತಿನೋ ಅಂತ ಮಾತ್ರ ಯಾರೂ ಕೇಳುವುದಿಲ್ಲ. ಇಂಥ ಮಾತು ನಂಬಿ ಮಾತ್ರೆ ಬಿಟ್ಟವರನ್ನು ನೆನೆದರೆ ಭಯವಾಗುತ್ತದೆ.

ರಕ್ತದೊತ್ತಡವನ್ನು ಒಂದು ಎತ್ತರ ಅಂತ ನೋಡಿದರೆ ಎಷ್ಟೋ ಗೊಂದಲ ತಾನಾಗಿ ಹೋಗುತ್ತದೆ. ಸ್ಟೀಫನ್ ಹೇಲ್ಸ್ ಎಂಬ ಇಂಗ್ಲೆಂಡಿನ ಪಾದ್ರಿ ಕುದುರೆಯ ಕಾಲಿನ ರಕ್ತನಾಳಕ್ಕೆ ಉದ್ದನೆಯ ಗಾಜಿನ ಕೊಳವೆ ಜೋಡಿಸಿದ. ರಕ್ತ 8 ಅಡಿಗೂ ಮೇಲೇರಿ ನಿಂತಿತು. ಅದನ್ನು 1733ರಲ್ಲಿ ಪ್ರಕಟಿಸಿದ. ಪಾಪ, ಕುದುರೆ ಉಳಿಯಲಿಲ್ಲ. ತೋಳಿಗೆ ಪಟ್ಟಿ ಸುತ್ತಿ ಅಳೆಯುವ ಉಪಾಯವನ್ನು ಇಟಲಿಯ ರಿವಾ-ರೊಚ್ಚಿ ಕೊಟ್ಟಿದ್ದು 1896ರಲ್ಲಿ. ನಮ್ಮ ಬಿಪಿಯ ಮೇಲಿನ ಅಂಕಿ 120 ಅಂದರೆ 120 ಮಿಲಿಮೀಟರ್ ಎತ್ತರದ ಪಾದರಸ. ಪಾದರಸಕ್ಕಿಂತ ಬಹಳ ಹಗುರವಾದ ರಕ್ತದಲ್ಲೇ ಅಳೆದರೆ ಸುಮಾರು 5 ಅಡಿ ಎತ್ತರದ ಕಂಬ! ಮನೆ ಮೇಲಿನ ಟ್ಯಾಂಕಿನಿಂದ ನಲ್ಲಿ ಕೆಳಕೆಳಗೆ ಹೋದಷ್ಟೂ ನೀರಿನ ರಭಸ ಜಾಸ್ತಿ ಅಲ್ವಾ? ಇದೂ ಹಾಗೇ. ತೋಳು ಹೃದಯಕ್ಕಿಂತ 10 ಸೆಂಟಿಮೀಟರ್ ಕೆಳಗೆ ಜೋತುಬಿದ್ದರೆ ಸಾಕು, ಸುಮ್ನೆ 7-8 ಅಂಕ ಏರುತ್ತದೆ.

ಈಗ ಅಮಾನಿಕೆರೆ ಪಾರ್ಕಿನಲ್ಲಿ ಬಿಪಿ ನೋಡಿಸಿಕೊಳ್ಳುವವರ ಬೆಂಚಿಗೆ ಬನ್ನಿ. ಏದುಸಿರು ಇನ್ನೂ ನಿಂತಿಲ್ಲ. ಸ್ವೆಟರ್ ಮೇಲೇ ಪಟ್ಟಿ ಸುತ್ತಿದ್ದಾರೆ. ಕಾಲ ಮೇಲೆ ಕಾಲು, ಕೈ ಕೆಳಗೆ, ಬಾಯಲ್ಲಿ ರಾಜಕೀಯ. ಇದರಲ್ಲಿ ಒಂದೊಂದೂ ಅಂಕಿಯನ್ನು ಕೆಡಿಸುತ್ತದೆ.

ಅದರ ಬದಲು ಮನೆಯಲ್ಲೇ ಹೀಗೆ ಅಳೆಯಿರಿ. ಬೆಳಗ್ಗೆ ಎದ್ದು ಮೂತ್ರಕ್ಕೆ ಹೋಗಿಬನ್ನಿ. ಕಾಫಿ, ಮಾತ್ರೆ, ತಿಂಡಿ, ವಾಕಿಂಗ್ ಎಲ್ಲಕ್ಕೂ ಮುಂಚೆ, ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ 5 ನಿಮಿಷ ಮಾತಿಲ್ಲದೆ ಕೂತುಕೊಳ್ಳಿ. ಪಾದ ನೆಲದ ಮೇಲೆ, ತೋಳು ಎದೆಮಟ್ಟದ ಮೇಜಿನ ಮೇಲೆ. ಒಂದು ನಿಮಿಷ ಬಿಟ್ಟು ಎರಡು ಸಲ ನೋಡಿ ಬರೆದಿಡಿ. ವಾರದ ಸರಾಸರಿ 135/85 ಮುಟ್ಟಿದರೆ ಡಾಕ್ಟರಿಗೆ ಆ ಹಾಳೆ ತೋರಿಸಿ. ತಲೆನೋವಿಲ್ಲ, ಹಾಗಾಗಿ ಬಿಪಿನೂ ಇಲ್ಲ ಅಂದುಕೊಳ್ಳಬೇಡಿ. ಬಹಳ ಜನರಿಗೆ ಬಿಪಿ ಏರಿದ್ದು ಗೊತ್ತೇ ಆಗುವುದಿಲ್ಲ.

ಆಮೇಲೆ ನಡೆಯಿರಿ. ನಡೆಯುವಾಗ ಒತ್ತಡ ಏರುತ್ತದೆ. ನಿಲ್ಲಿಸಿದ ಮೇಲೆ ರಕ್ತನಾಳಗಳು ಸಡಿಲವಾಗಿಯೇ ಇರುವುದರಿಂದ ಕೆಲವು ಗಂಟೆ ಮೊದಲಿಗಿಂತ ಇಳಿದಿರುತ್ತದೆ. ದಿನವೂ ನಡೆದರೆ ಈ ಲಾಭ ಉಳಿಯುತ್ತದೆ.

ವಾಕಿಂಗ್ ಮುಗಿಸಿ ಕ್ಯಾತ್ಸಂದ್ರದ ತಟ್ಟೆ ಇಡ್ಲಿಗೆ ಹೋಗುವವರನ್ನು ನಾನು ತಡೆಯುವುದಿಲ್ಲ. ಆದರೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಉಪ್ಪು ಇಡೀ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಒಂದು ಟೀ ಚಮಚದಷ್ಟು. ಇಡ್ಲಿಯಲ್ಲಿ ಒಂದಿಷ್ಟು ಹೋಯಿತು, ಚಟ್ನಿಯಲ್ಲಿ ಇನ್ನಷ್ಟು. ಎರಡನೇ ಸಲ ಚಟ್ನಿ ಹಾಕಿಸಿಕೊಳ್ಳುವಾಗ ಮಧ್ಯಾಹ್ನದ ಸಾರು, ರಾತ್ರಿಯ ಉಪ್ಪಿನಕಾಯಿ ಇನ್ನೂ ಬಾಕಿ ಇರುತ್ತವೆ.