ಪಾಠದ ಕೊನೆಯ ಪ್ರಶ್ನೆಗಳು ಮಗುವಿನ ಕೈಗೆ ಬಂದ ಬಗೆ

ಪಾಠ ಓದಿಸುವುದು, ಕೊನೆಯಲ್ಲಿರುವ ಪ್ರಶ್ನೆಗಳಿಗೆ ಉತ್ತರ ಬರೆಸುವುದು, ಸರಿ ತಪ್ಪು ಗುರುತು ಹಾಕುವುದು: ಓದಿದ್ದನ್ನು ಅರ್ಥಮಾಡಿಕೊಳ್ಳಲು ಕಲಿಸುವುದೆಂದರೆ ಇದೇ ಎಂದು ಶಾಲೆಗಳು ಬಹುಕಾಲ ನಂಬಿದ್ದವು. ಈ ಕ್ರಮದಿಂದ ಯಾವ ಮಗುವಿಗೆ ಅರ್ಥವಾಗಿದೆ, ಯಾವುದಕ್ಕೆ ಆಗಿಲ್ಲ ಎಂಬುದು ಶಿಕ್ಷಕರಿಗೆ ತಿಳಿಯುತ್ತದೆ. ಅರ್ಥವಾಗದಾಗ ಏನು ಮಾಡಬೇಕೆಂಬುದು ಮಾತ್ರ ಮಗುವಿಗೆ ತಿಳಿಯುವುದಿಲ್ಲ. ಪರೀಕ್ಷಿಸುವುದು ಬೇರೆ, ಕಲಿಸುವುದು ಬೇರೆ ಎಂಬುದನ್ನು ಶಿಕ್ಷಣ ಸಂಶೋಧನೆ ಗಂಭೀರವಾಗಿ ತೆಗೆದುಕೊಳ್ಳಲು ಸುಮಾರು 60 ವರ್ಷ ಹಿಡಿಯಿತು.

ಈ ಕುರಿತ ಸಂಶೋಧನೆಯ ಬಹುಪಾಲು ನಡೆದದ್ದು ಅಮೆರಿಕದಲ್ಲಿ. 20ನೇ ಶತಮಾನದ ಆರಂಭದವರೆಗೂ ಅಲ್ಲಿನ ತರಗತಿಗಳಲ್ಲಿ ಗಟ್ಟಿಯಾಗಿ ಓದುವುದಕ್ಕೇ ಪ್ರಾಧಾನ್ಯ. ಉಚ್ಚಾರಣೆ ಸ್ಪಷ್ಟವಾಗಿದ್ದು ಮಗು ತಡವರಿಸದಿದ್ದರೆ ಓದು ಬಂತೆಂದೇ ಲೆಕ್ಕ. 1917ರಲ್ಲಿ ಮನೋವಿಜ್ಞಾನಿ ಎಡ್ವರ್ಡ್ ಥಾರ್ನ್‌ಡೈಕ್ ಈ ಲೆಕ್ಕ ತಪ್ಪೆಂದು ತೋರಿಸಿದರು. ಅವರು ಮಕ್ಕಳಿಗೆ ಕೊಟ್ಟ ಒಂದು ಗದ್ಯಭಾಗದ ಸಾರ ಇಷ್ಟೇ: ಫ್ರಾಂಕ್ಲಿನ್ ಎಂಬಲ್ಲಿ 7ರಿಂದ 14 ವರ್ಷದ ಪ್ರತಿ ಮಗುವೂ ಶಾಲೆಗೆ ಹಾಜರಾಗಲೇಬೇಕು; ಮಗುವಿಗೆ ಬರಲಾಗದಷ್ಟು ಕಾಯಿಲೆಯಿದ್ದರೆ, ಮನೆಯಲ್ಲಿ ಯಾರಿಗಾದರೂ ಅಂಟುರೋಗವಿದ್ದರೆ, ಅಥವಾ ರಸ್ತೆಗಳು ನಡೆಯಲಾರದಷ್ಟು ಕೆಟ್ಟಿದ್ದರೆ ಮಾತ್ರ ವಿನಾಯಿತಿ. ಈ ಭಾಗದ ವಿಷಯವೇನು ಎಂದು ಕೇಳಿದರೆ ‘ಫ್ರಾಂಕ್ಲಿನ್’ ಎಂದು ಬರೆದವರೂ ಇದ್ದರು. ಅಕ್ಷರ ಬಾರದೆ ಆದ ತಪ್ಪು ಇದಲ್ಲ. ಯಾವುದೋ ಒಂದು ಪದ ಮನಸ್ಸನ್ನು ಹಿಡಿದುಕೊಂಡು, ಇಡೀ ವಾಕ್ಯವನ್ನು ಹೊತ್ತ ‘ಮಾತ್ರ’, ‘ಅಥವಾ’ಗಳಂಥ ಸಣ್ಣ ಪದಗಳು ಗಮನಕ್ಕೇ ಬಾರದೆ ಹೋದದ್ದರಿಂದ ಆದ ತಪ್ಪು. ಗದ್ಯಭಾಗವೊಂದನ್ನು ಅರ್ಥಮಾಡಿಕೊಳ್ಳುವುದು ಗಣಿತದ ಸಮಸ್ಯೆ ಬಿಡಿಸಿದ ಹಾಗೆ, ಅಲ್ಲಿ ಪ್ರತಿಯೊಂದನ್ನೂ ತೂಗಿ, ಆರಿಸಿ, ಒಂದಕ್ಕೊಂದು ಜೋಡಿಸಬೇಕಾಗುತ್ತದೆ ಎಂಬುದು ಥಾರ್ನ್‌ಡೈಕ್ ಅವರ ನಿಲುವಾಗಿತ್ತು.

ಮೌನ ಓದಿಗೆ ಮುಂದೆ ಮನ್ನಣೆ ಸಿಕ್ಕಿತು, ಗ್ರಹಿಕೆಯನ್ನು ಅಳೆಯುವ ಪರೀಕ್ಷೆಗಳೂ ಹೆಚ್ಚಿದವು. ಬೋಧನೆ ಮಾತ್ರ ಇದ್ದಲ್ಲೇ ಇತ್ತು. 1970ರ ದಶಕದಲ್ಲಿ ಡೊಲೊರೆಸ್ ಡರ್ಕಿನ್ ನಾಲ್ಕನೇ ತರಗತಿಯ ಓದಿನ ಅವಧಿಗಳಲ್ಲಿ ಕುಳಿತು ಏನೇನು ನಡೆಯುತ್ತದೆಂದು ನಿಮಿಷ ನಿಮಿಷವೂ ದಾಖಲಿಸಿದರು. 1978–79ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಗಮನಿಸಿದ 4,469 ನಿಮಿಷಗಳ ಪೈಕಿ ಗ್ರಹಿಸುವುದು ಹೇಗೆಂದು ಕಲಿಸಲು ಬಳಕೆಯಾಗಿದ್ದು ಕೇವಲ 20 ನಿಮಿಷ. ಉಳಿದ ಸಮಯದ ಬಹುಭಾಗ ಪ್ರಶ್ನೆ ಕೇಳುವುದಕ್ಕೆ, ಅಭ್ಯಾಸ ಹಾಳೆ ಹಂಚುವುದಕ್ಕೆ ಹೋಗಿತ್ತು. ಶಿಕ್ಷಕರು ಸೋಮಾರಿಗಳೆಂದು ಇದರಿಂದ ತೀರ್ಮಾನಿಸುವುದು ಅನ್ಯಾಯ. ತಾವು ಓದುವಾಗ ತಲೆಯೊಳಗೆ ನಡೆಯುವ ಕೆಲಸವನ್ನು ಮಾತಿನಲ್ಲಿ ಬಿಡಿಸಿ ತೋರಿಸಬೇಕೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಆ ಕೊರತೆಯನ್ನು ತುಂಬುವ ಪ್ರಯತ್ನಗಳಲ್ಲಿ ನನಗೆ ಅತ್ಯಂತ ಮಹತ್ವದ್ದಾಗಿ ಕಾಣುವುದು ಆನ್ಮರಿ ಪಾಲಿಂಕ್ಸರ್ ಮತ್ತು ಆನ್ ಬ್ರೌನ್ 1984ರಲ್ಲಿ ಪ್ರಕಟಿಸಿದ ಪರಸ್ಪರ ಬೋಧನೆಯ ಕ್ರಮ. ಸರಾಗವಾಗಿ ಓದಬಲ್ಲ, ಆದರೆ ಓದಿದ್ದನ್ನು ಹೇಳಲಾರದ ಏಳನೇ ತರಗತಿಯ ಮಕ್ಕಳನ್ನು ಸಣ್ಣ ಗುಂಪುಗಳಲ್ಲಿ ಕೂರಿಸಿ, ಮಾಹಿತಿ ಬರಹಗಳ ಒಂದೊಂದು ಭಾಗವನ್ನು ಓದಿಸಲಾಯಿತು. ಪ್ರತಿ ಭಾಗದ ನಂತರ ಪ್ರಶ್ನೆ ಕೇಳುವುದು, ಸಾರ ಹೇಳುವುದು, ತೊಡಕಾದದ್ದನ್ನು ಬಿಡಿಸಿಕೊಳ್ಳುವುದು, ಮುಂದೇನು ಬರಬಹುದೆಂದು ಊಹಿಸುವುದು, ಈ ನಾಲ್ಕನ್ನು ಮೊದಲು ಶಿಕ್ಷಕರು ಮಾಡಿ ತೋರಿಸುತ್ತಿದ್ದರು, ಆಮೇಲೆ ಸರದಿಯಂತೆ ಮಕ್ಕಳೇ ಶಿಕ್ಷಕರ ಜಾಗಕ್ಕೆ ಬರುತ್ತಿದ್ದರು. ಪ್ರಶ್ನೆಯೇ ಹೊಳೆಯದೆ ಸುಮ್ಮನಾಗುತ್ತಿದ್ದ ಮಕ್ಕಳು ಕೆಲವು ವಾರಗಳಲ್ಲಿ ಬರಹದ ಮುಖ್ಯಾಂಶವನ್ನೇ ಹಿಡಿದು ಕೇಳತೊಡಗಿದರು. ಪ್ರಶ್ನೆ ಕೇಳುವ ಅಧಿಕಾರ ಮಗುವಿಗೆ ಬಂದ ಘಟ್ಟ ಇದು.

1986ರಲ್ಲಿ ಡೊನಾ ಓಗಲ್ ಇದನ್ನು ಓದಿಗೂ ಮೊದಲಿನ ಹಂತಕ್ಕೆ ಒಯ್ದರು. ನಮಗೆ ಏನು ಗೊತ್ತು, ಏನು ತಿಳಿಯಬೇಕಾಗಿದೆ, ಏನು ಕಲಿತೆವು ಎಂಬ ಮೂರು ಕಲಮುಗಳ ಅವರ ಪಟ್ಟಿ ತುಂಬ ಜನಪ್ರಿಯವಾಯಿತು, ಅದರ ಜೊತೆಗೇ ಸವಕಲೂ ಆಯಿತು. ಬಾವಲಿಗಳ ಬಗ್ಗೆ ಪಾಠವಿದೆಯೆನ್ನಿ. ‘ಬಾವಲಿಗೆ ಕಣ್ಣು ಕಾಣುವುದಿಲ್ಲ’, ‘ಅದು ಹಕ್ಕಿ’ ಎಂದು ಮಕ್ಕಳು ಹೇಳಿದ್ದನ್ನೆಲ್ಲ ಮೊದಲ ಕಲಮಿನಲ್ಲಿ ಬರೆದು ಮುಂದೆ ಸಾಗಿದರೆ, ಬೋರ್ಡಿನ ಮೇಲಿನ ತಪ್ಪೇ ನಿಜವಾಗಿ ಮನಸ್ಸಿನಲ್ಲಿ ಉಳಿಯುತ್ತದೆ. ಅದೇ ಎರಡು ಸಾಲುಗಳನ್ನು ‘ಇದು ನಿಜವೇ?’ ಎಂದು ಎರಡನೇ ಕಲಮಿಗೆ ದಾಟಿಸಿದರೆ, ಬಾವಲಿ ಮರಿಗೆ ಹಾಲೂಡಿಸುವ ಸಸ್ತನಿ, ಅದಕ್ಕೆ ಕಣ್ಣೂ ಕಾಣುತ್ತದೆ ಎಂಬ ವಾಕ್ಯಗಳನ್ನು ಮಕ್ಕಳು ಹುಡುಕಿ ಓದುತ್ತಾರೆ. ಪಟ್ಟಿ ತುಂಬಿಸುವುದಕ್ಕೂ ವಿಚಾರಣೆಗೂ ಇರುವ ಅಂತರ ಇದೇ.

ಇದೇ ಕಾಲದಲ್ಲಿ ಇನ್ನೊಂದು ವಾದವೂ ಬಲವಾಯಿತು. 1988ರಲ್ಲಿ ಡೊನಾ ರೆಕ್ಟ್ ಮತ್ತು ಲಾರೆನ್ ಲೆಸ್ಲಿ 64 ವಿದ್ಯಾರ್ಥಿಗಳಿಗೆ ಬೇಸ್‌ಬಾಲ್ ಪಂದ್ಯದ ವಿವರಣೆಯೊಂದನ್ನು ಓದಲು ಕೊಟ್ಟಾಗ, ಆಟ ಬಲ್ಲ ದುರ್ಬಲ ಓದುಗರು ಆಟ ತಿಳಿಯದ ಉತ್ತಮ ಓದುಗರಿಗಿಂತ ಚೆನ್ನಾಗಿ ನೆನಪಿಟ್ಟುಕೊಂಡಿದ್ದರು. ತಂತ್ರಗಳನ್ನಷ್ಟೇ ಉರುಹೊಡೆಸಿದರೆ ಸಾಲದು, ವಿಷಯದ ತಿಳಿವಳಿಕೆಯೇ ಗ್ರಹಿಕೆಗೆ ಆಧಾರ ಎಂದಾಯಿತು. ನನ್ನ ದೃಷ್ಟಿಯಲ್ಲಿ ಇವೆರಡೂ ಪಕ್ಷಗಳ ಜಗಳಕ್ಕೆ ಮಾಹಿತಿ ಪುಸ್ತಕಗಳೇ ಪರಿಹಾರ. ಒಂದೇ ವಿಷಯದ ಮೇಲೆ ಹಲವು ಬರಹಗಳನ್ನು ಓದುವ ಮಗುವಿಗೆ ತಿಳಿವಳಿಕೆ ಬೆಳೆಯುತ್ತದೆ, ಪ್ರಶ್ನೆಗಳೂ ಹರಿತವಾಗುತ್ತವೆ. 1990ರ ದಶಕದಲ್ಲಿ ಜಾನ್ ಗತ್ರಿ ವಿಜ್ಞಾನದ ಪ್ರತ್ಯಕ್ಷ ವೀಕ್ಷಣೆಯನ್ನು ಓದಿನ ಜೊತೆ ಹೆಣೆದದ್ದು ಇದೇ ನಂಬಿಕೆಯಿಂದ. ಆದರೆ 2000ದಲ್ಲಿ ನೆಲ್ ಡ್ಯೂಕ್ 20 ಒಂದನೇ ತರಗತಿಗಳನ್ನು ಗಮನಿಸಿದಾಗ ಮಾಹಿತಿ ಬರಹಗಳಿಗೆ ಸಿಗುತ್ತಿದ್ದುದು ದಿನಕ್ಕೆ ಸರಾಸರಿ 3.6 ನಿಮಿಷ, ಬಡ ಪ್ರದೇಶಗಳ ಶಾಲೆಗಳಲ್ಲಿ ಅದಕ್ಕಿಂತಲೂ ಕಡಿಮೆ. ಚಿಕ್ಕ ಮಕ್ಕಳಿಗೆ ಕಥೆಯೇ ಸಾಕೆಂಬ ಭಾವನೆ ಅಷ್ಟು ಗಟ್ಟಿಯಾಗಿತ್ತು.

ಈಗ ಬರಹ ಪರದೆಯ ಮೇಲೆ ಬಂದು, ಅದನ್ನು ಬರೆದವರು ಯಾರು ಎಂಬ ಹೊಸ ಪ್ರಶ್ನೆ ಸೇರಿಕೊಂಡಿದೆ. ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ ಇತಿಹಾಸಕಾರರನ್ನು, ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು ಮತ್ತು ವೃತ್ತಿಪರ ಸತ್ಯಶೋಧಕರನ್ನು ಹೋಲಿಸಿದಾಗ, ಮೊದಲ ಎರಡು ಗುಂಪಿನವರಲ್ಲಿ ಅನೇಕರು ಜಾಲತಾಣದ ಪುಟವನ್ನೇ ಮೇಲಿನಿಂದ ಕೆಳಗೆ ಓದಿ ಅದರ ಅಚ್ಚುಕಟ್ಟಿಗೆ ಮರುಳಾದರು. ಸತ್ಯಶೋಧಕರು ಬೇಗನೆ ಆ ಪುಟ ಬಿಟ್ಟು, ಅದನ್ನು ಪ್ರಕಟಿಸಿದ ಸಂಸ್ಥೆಯ ಬಗ್ಗೆ ಬೇರೆಯವರು ಏನು ಹೇಳಿದ್ದಾರೆಂದು ನೋಡಿದರು. ಈ ಅಡ್ಡ ಓದನ್ನು ಶಾಲೆಯಲ್ಲಿ ಕಲಿಸಲು ಪ್ರತ್ಯೇಕ ಪಠ್ಯವೇನೂ ಬೇಕಿಲ್ಲ. ಬಾವಲಿಯ ಬಗ್ಗೆ ಒಂದಕ್ಕೊಂದು ಹೊಂದದ ಎರಡು ಬರಹಗಳನ್ನು ಮುಂದಿಟ್ಟು, ಯಾವುದನ್ನು ಏಕೆ ನಂಬುತ್ತೀರಿ ಎಂದು ಕೇಳಿ, ಮಕ್ಕಳು ಮೂರನೆಯದನ್ನು ಹುಡುಕಿ ತರುವಷ್ಟು ಸಮಯ ಕೊಟ್ಟರೆ ಕೆಲಸ ಆರಂಭವಾಗುತ್ತದೆ.